ಕೆಳಗಿನಿಂದ ಏಳನೇ ಸಾಲು

ನಮ್ಮವ್ವ ಆದಿಲಕ್ಷ್ಮಿ, ಎಲ್ಲರ ಬಾಯಲ್ಲಿ ಆದೆಮ್ಮ, ನಲವತ್ತು ವರ್ಷ ಕಾಫಿ ಹಣ್ಣು ಬಿಡಿಸಿದವಳು. ಒಂದು ದಿನವೂ ಕಾಫಿ ಕುಡಿದವಳಲ್ಲ. ಅವಳಿಗೆ ಚಹಾ ಬೇಕು, ಅದೂ ಬೆಲ್ಲ ಹಾಕಿದ್ದು. ಕುಡಿಯುವವರ ಹಣೆಬರಹ ಬೇರೆ, ಬಿಡಿಸುವವರ ಹಣೆಬರಹ ಬೇರೆ ಎಂದು ನಾನು ಕುಟುಕಿದರೆ, ನಿನ್ನ ನಾಲಿಗೆ ಯಾವ ಸಂತೆಯಲ್ಲಿ ತಂದೆ ಎಂದು ಕೇಳುತ್ತಾಳೆ.

ನಮ್ಮದು ಕೋಸಗಿ, ಆದವಾನಿಯ ಕಡೆಯ, ಕನ್ನಡ ತೆಲುಗು ಎರಡೂ ಆಡುವ ಊರು. ಹೊಲದ ಕೆಲಸ ಕಡಿಮೆಯಾದರೆ ನಮ್ಮ ಕಡೆ ಅರ್ಧ ಊರೇ ರೈಲು ಹತ್ತುತ್ತದೆ. ಕೆಲವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಕೆಲವರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ನಮ್ಮ ಮನೆಯವರು ಮಾತ್ರ ಮೂರು ತಲೆಮಾರಿನಿಂದ ಚಿಕ್ಕಮಗಳೂರಿನ ಕಡೆಯ ಒಂದೇ ಕಾಫಿ ತೋಟಕ್ಕೆ ಹೋಗುತ್ತ ಬಂದವರು. ಗುಂತಕಲ್ಲಿನ ತನಕ ರೈಲು, ಅಲ್ಲಿಂದ ಬಳ್ಳಾರಿ, ಬಳ್ಳಾರಿಯಿಂದ ಬಸ್ಸು. ಮೊದಲ ತಂಡದಲ್ಲಿ ನಮ್ಮ ತಾತ ಮಾರೆಣ್ಣ ಹೋದ. ಆಮೇಲೆ ಅಪ್ಪ, ಅವ್ವ. ಅವರ ಬೆನ್ನಿಗೆ ನಾನು.

ತೋಟದ ಮಾಲೀಕರೂ ನಮ್ಮ ಸೀಮೆಯವರೇ. ಆದವಾನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ಲಿಂಗಾಯತ ಮನೆತನ. ಹತ್ತಿಗೆ ಒಳ್ಳೆಯ ಧಾರಣೆ ಸಿಕ್ಕ ಯಾವುದೋ ಕಾಲದಲ್ಲಿ ಅವರ ಹಿರಿಯರು ಬೆಟ್ಟದ ಇಳಿಜಾರಿನಲ್ಲಿ ಇಪ್ಪತ್ತು ಎಕರೆ ತೆಗೆದುಕೊಂಡರು. ಅಲ್ಲಿಯ ಆಳುಗಳನ್ನು ನೆಚ್ಚದೆ ಕೋಸಗಿಯಿಂದ ಹತ್ತಿ ಬಿಡಿಸುವವರನ್ನು ಕರೆದುಕೊಂಡು ಹೋದರು. ಅದು ಹುಚ್ಚಾಟವಲ್ಲ, ಲೆಕ್ಕಾಚಾರ. ಹತ್ತಿ ಬಿಡಿಸುವ ಕೈಗೆ ಕಾಯುವುದು ಗೊತ್ತು. ಅರಳಿದ ಕಾಯಿ ಬಿಡಿಸಿ, ಅರಳದ್ದನ್ನು ಮುಂದಿನ ಸಲಕ್ಕೆ ಗಿಡದಲ್ಲೇ ಬಿಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಾಫಿಯೂ ಹಾಗೆಯೇ. ಕೆಂಪಾದ ಹಣ್ಣು ಮಾತ್ರ ಬುಟ್ಟಿಗೆ, ಹಸಿರು ಕಾಯಿ ಗಿಡಕ್ಕೆ. ಒಂದೇ ಸಾಲಿಗೆ ಮೂರು ಸಲ ಹೋಗಬೇಕು. ಸುತ್ತಲಿನ ತೋಟಗಳಲ್ಲಿ ಕೊಂಬೆಗೆ ಕೈ ಹಾಕಿ ಹಸಿರು ಕೆಂಪು ಎಲ್ಲ ಒಟ್ಟಿಗೆ ಸವರಿ ಕೆಡವುತ್ತಿದ್ದರು. ನಮ್ಮ ತೋಟದಲ್ಲಿ ಹಾಗೆ ಮಾಡಿದವರಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತಂಡದ ಮೇಸ್ತ್ರಿಯಾಗಿದ್ದ ಅವ್ವ ಗಂಟು ಕಟ್ಟಿಸುತ್ತಿದ್ದಳು.

ನೋಡಿ, ನಮ್ಮ ತೋಟ ಅಂದುಬಿಟ್ಟೆ. ಒಂದು ಗಿಡವೂ ನಮ್ಮದಲ್ಲ.

ಆ ತೋಟದ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದೇನು. ಪ್ರತಿ ವರ್ಷ ಮೂರು ತಿಂಗಳು ನನ್ನ ಶಾಲೆ ಅದರ ಹೊಟ್ಟೆಗೆ ಹೋಗುತ್ತಿತ್ತು. ನನಗೆ ಒಂಬತ್ತು ವರ್ಷವಾದಾಗ ಅಪ್ಪನೂ ಹೋದ. ಕಾಫಿಗೆ ನೆರಳು ಕೊಡಲು ನಡುನಡುವೆ ದೊಡ್ಡ ಮರಗಳಿರುತ್ತವೆ. ಅವುಗಳ ಕೊಂಬೆ ಸವರುವ ಕೆಲಸದಲ್ಲಿ ಅಪ್ಪ ಆಂಜಿನಪ್ಪನನ್ನು ಮೀರಿಸಿದವರಿರಲಿಲ್ಲ. ಕೊಯ್ಲು ಮುಗಿದು ಇನ್ನೆರಡು ದಿನಕ್ಕೆ ಊರಿಗೆ ಹೊರಡಬೇಕು ಎನ್ನುವಾಗ ಕಾಲಡಿಯ ಕೊಂಬೆ ಮುರಿದು ಬಿದ್ದ. ಹೆಣವನ್ನು ಕೋಸಗಿಗೆ ತರುವ ದಾರಿ ಅಂದು ನಮಗಿರಲಿಲ್ಲ. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಮಾಲೀಕ ಸೋಮಶೇಖರಪ್ಪನವರು ಆಗಿನ್ನೂ ಪ್ರಾಯದವರು. ತಮ್ಮ ತೋಟದ ಏಳನೇ ಸಾಲಿನ ಅತ್ತಿ ಮರದ ಬುಡದಲ್ಲಿ ಜಾಗ ಕೊಟ್ಟರು. ತಾವೂ ಹೆಗಲು ಕೊಟ್ಟರು. ಈ ಮರಕ್ಕೆ ಕೊಡಲಿ ಬೀಳುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟರು.

ಅಂದಿನಿಂದ ಅವ್ವನದು ಒಂದೇ ಪದ್ಧತಿ. ತೋಟ ಮುಟ್ಟಿದ ದಿನ ತಲೆಯ ಮೇಲಿನ ಗಂಟು ಇಳಿಸುವ ಮೊದಲು ಏಳನೇ ಸಾಲಿಗೆ ಹೋಗಿ, ಊರಿಂದ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ, ಶೇಂಗಾ ಪುಡಿ ಮರದ ಬುಡಕ್ಕೆ ಎಡೆ ಇಡುವುದು. ಪಕ್ಕದಲ್ಲಿ ನಾನು ಐದು ವರ್ಷ ಕೂತಿದ್ದೇನೆ. ಹದಿನಾಲ್ಕಕ್ಕೆ ಹಾಸ್ಟೆಲ್ ಸೇರಿದೆ. ಇನ್ನು ಆ ತೋಟಕ್ಕೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿಕೊಂಡೆ, ಇಡಲಿಲ್ಲ. ಈಗ ಆದವಾನಿಯ ವಾರ್ಡ್ ಸಚಿವಾಲಯದಲ್ಲಿ ನೌಕರಿ. ನಿನ್ನ ಕೂಲಿಯ ಮೇಲೆ ನಾವು ಬದುಕುತ್ತಿಲ್ಲ, ಯಾಕೆ ಹೋಗುತ್ತೀ ಎಂದು ವರ್ಷಾ ವರ್ಷಾ ಜಗಳ ತೆಗೆದಿದ್ದೇನೆ. ಮೇಸ್ತ್ರಿ ಇಲ್ಲದೆ ಹದಿನೈದು ಜನ ಹೆಂಗ ಹೋಗ್ತಾರ ಎನ್ನುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಕೂಲಿಗಲ್ಲ, ಗಂಡನ ಹತ್ತಿರಕ್ಕೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಜಗಳ ತೆಗೆಯುತ್ತಿದ್ದೆ.

ಹೋದ ವರ್ಷ ಮಾತ್ರ ಅವ್ವ ಹೋಗಲಿಲ್ಲ. ಮೊಣಕಾಲು ಕೈಕೊಟ್ಟಿದ್ದವು. ಅದಕ್ಕೂ ಆರು ತಿಂಗಳ ಹಿಂದೆ ಸೋಮಶೇಖರಪ್ಪನವರು ತೀರಿಕೊಂಡಿದ್ದರು. ಬಹಳ ವರ್ಷದಿಂದ ಜೊತೆಗೆ ಬರುತ್ತಿದ್ದ ದಸ್ತಗಿರಮ್ಮನ ಕೈಗೆ ತಂಡ ಒಪ್ಪಿಸಿ, ಎಡೆಯ ರೊಟ್ಟಿಯನ್ನೂ ಅವಳ ಕೈಲೇ ಕೊಟ್ಟು ಕಳಿಸಿ, ಮನೆಯಲ್ಲಿ ಕೂತು ಚಳಿಗಾಲ ಕಳೆದಳು.

ಈ ಕಾರ್ತಿಕದಲ್ಲಿ, ನಾನು ರಜೆಗೆಂದು ಕೋಸಗಿಯಲ್ಲಿದ್ದ ಒಂದು ಭಾನುವಾರ, ಸೋಮಶೇಖರಪ್ಪನವರ ಮಗಳು ಹೇಮಾವತಿ ನಮ್ಮ ಮನೆಗೆ ಬಂದಳು.

ವೀಳ್ಯ ಕೊಡಲು ಬಂದಿದ್ದಳು. ಅದು ಅವರ ತಾತನ ಕಾಲದಿಂದ ನಡೆದುಕೊಂಡು ಬಂದ ಕ್ರಮ. ಕೊಯ್ಲಿಗೆ ಮುನ್ನ ತೋಟದ ಯಜಮಾನರು ತಾವೇ ಮೇಸ್ತ್ರಿಯ ಮನೆಗೆ ಬಂದು, ಎಲೆ, ಅಡಿಕೆ, ತೆಂಗಿನಕಾಯಿ ಉಡಿಗೆ ಹಾಕಿ ಕರೆಯಬೇಕು. ಫೋನಿನಲ್ಲಿ ಕರೆದರೆ ಅದು ಕರೆದಂತಲ್ಲ. ವೀಳ್ಯ ತೆಗೆದುಕೊಂಡ ಮೇಲೆ ಬರುವುದಿಲ್ಲ ಎನ್ನುವ ಹಾಗೂ ಇಲ್ಲ.

ಹೇಮಾವತಿ ನನಗಿಂತ ಎರಡು ವರ್ಷ ದೊಡ್ಡವಳು. ಚಿಕ್ಕವರಿದ್ದಾಗ ಇಬ್ಬರೂ ಒಣಹಾಕಿದ ಹಣ್ಣಿನ ಮೇಲೆ ಓಡಿ ಬೈಸಿಕೊಂಡವರು. ಮದುವೆಯಾಗಿ ಬಳ್ಳಾರಿಯಲ್ಲಿದ್ದವಳು, ಅಪ್ಪ ಹೋದ ಮೇಲೆ ತೋಟದಲ್ಲೇ ನಿಂತಿದ್ದಾಳೆ. ಕೈಗಳು ಒರಟಾಗಿದ್ದವು, ಮುಖ ಇಳಿದಿತ್ತು. ಚಾಪೆಯ ಮೇಲೆ ಕೂತು ಅವಳು ಹೇಳಿದ್ದರ ಸಾರ ಇಷ್ಟು. ತಮ್ಮ ಹಾಲೇಶನಿಗೆ ತೋಟ ಮಾರುವ ಅವಸರ. ರೆಸಾರ್ಟ್ ಕಟ್ಟುವವರು ಬಂದು ನೋಡಿಕೊಂಡು ಹೋಗಿದ್ದಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಅಕ್ಕ ತಮ್ಮನದು ವರ್ಷವಿಡೀ ಎಳೆದಾಟ. ಕೊನೆಗೆ ಅವನು ಈ ಒಂದು ಕೊಯ್ಲಿನ ತನಕ ಸುಮ್ಮನಿರಲು ಒಪ್ಪಿದ್ದಾನೆ. ಹೋದ ವರ್ಷ ಅವ್ವನಿಲ್ಲದ ತಂಡ ಹಸಿರು ಕಾಯಿ ಬೆರೆಸಿಬಿಟ್ಟಿತ್ತು. ಅವರ ಕಾಫಿಯನ್ನು ಹೆಸರಿಟ್ಟು ಕೇಳಿ ಕೊಳ್ಳುತ್ತಿದ್ದವರು ಮೊದಲ ಸಲ ಬೇಡವೆಂದರು. ಈ ಸಲವೂ ಹಾಗಾದರೆ ತಮ್ಮನ ಮುಂದೆ ಅವಳ ಮಾತು ನಿಲ್ಲುವುದಿಲ್ಲ, ತೋಟವೂ ಉಳಿಯುವುದಿಲ್ಲ.

"ನೀವು ಒಂದು ಗಿಡ ಮುಟ್ಟಬ್ಯಾಡ್ರಿ ಆದೆಮ್ಮ," ಎಂದಳು. "ಕೆಳಗ ಕುರ್ಚಿ ಹಾಕಿಸ್ತೀನಿ. ಕೂತು ಬುಟ್ಟಿ ನೋಡ್ರಿ ಸಾಕು. ನೀವು ನೋಡ್ತೀರಿ ಅಂದ್ರ ಅವರ ಕೈ ತಾವ ನೆಟ್ಟಗ ಆಗ್ತಾವು."

ಅವ್ವ ಮೊಣಕಾಲು ಒತ್ತಿಕೊಳ್ಳುತ್ತಾ ಕೇಳುತ್ತಿದ್ದಳು. ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ಬೆಟ್ಟದ ಚಳಿ ಈ ಕಾಲಿಗೆ ಆಗಿಬರುವುದಿಲ್ಲ ಎಂದು ನಾನೇ ನಡುವೆ ಬಾಯಿ ಹಾಕಿದೆ. ಹೇಮಾವತಿ ನನ್ನ ಕಡೆ ನೋಡಿ ತಲೆ ತಗ್ಗಿಸಿದಳು. ಆಮೇಲೆ, ಇನ್ನೊಂದು ತೋರಿಸುವುದಿದೆ, ತೋರಿಸಿಯೇ ಹೇಳಬೇಕೆಂದು ಇಷ್ಟು ದಿನ ಇಟ್ಟುಕೊಂಡಿದ್ದೆ ಎಂದು ಫೋನು ತೆಗೆದು ಅವ್ವನ ಕೈಗೆ ಕೊಟ್ಟಳು.

ಫೋಟೋದಲ್ಲಿ ಅತ್ತಿ ಮರ. ಅದರ ಬುಡದಲ್ಲಿ ಆರಡಿ ಉದ್ದದ, ಮೊಣಕಾಲೆತ್ತರದ ಕಲ್ಲಿನ ಸಮಾಧಿ ಕಟ್ಟೆ, ಹೊಸದು. ಮೇಲೆ ಕರಿಕಲ್ಲಿನಲ್ಲಿ ಅಪ್ಪನ ಹೆಸರು, ಕೋಸಗಿಯ ಆಂಜಿನಪ್ಪ ಎಂದು, ತೀರಿಕೊಂಡ ವರ್ಷ. ನಮ್ಮ ಊರಿನಲ್ಲಿ ಯಾವ ಆಂಜಿನಪ್ಪನಿಗೂ ಅಷ್ಟು ಚಂದದ ಸಮಾಧಿ ಇಲ್ಲ.

ಅವ್ವ ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ನಾನು ಅವಳ ಭುಜದ ಮೇಲಿಂದ ಬಗ್ಗಿದೆ. ಮರದ ಹಿಂದೆ, ಕೂಗಳತೆಯಲ್ಲಿ, ಮಾಲೀಕರ ಮನೆಯ ಹೆಂಚು ಕಾಣುತ್ತಿತ್ತು. ಅಪ್ಪನ ಮರದ ಹತ್ತಿರ ಕೂತರೆ ಆ ಮನೆ ಕಾಣುತ್ತಲೇ ಇರಲಿಲ್ಲ. ಅಲ್ಲಿ ಕೇಳಿಸುತ್ತಿದ್ದದ್ದು ಹಳ್ಳದ ನೀರು. ಇದು ಬೇರೆ ಮರ.

"ಹಳ್ಳದ ಕಡೀ ಮರಗೋಳು ಹೆಂಗ ಅದಾವು ಹೇಮಮ್ಮ?" ಎಂದು ಅವ್ವ ಕೇಳಿದಳು. ದನಿಯಲ್ಲಿ ಏನೂ ಇರಲಿಲ್ಲ.

ಹೇಮಾವತಿ ವಿವರಿಸಿದಳು. ಎರಡು ವರ್ಷ ಮಳೆ ಹೆಚ್ಚಾಗಿ ಹಳ್ಳದ ಕಡೆಯ ಗಿಡಗಳಿಗೆ ಕೊಳೆ ರೋಗ ಬಂದಿತ್ತು. ನೆರಳು ದಟ್ಟವಾಗಿದೆ, ಬಿಸಿಲು ಬೀಳಬೇಕು ಎಂದು ತಿಳಿದವರು ಹೇಳಿದರು. ಮದ್ದು ಹೊಡೆಯಲು ಮನಸ್ಸು ಬಾರದೆ, ಭಾದ್ರಪದದಲ್ಲಿ ಕೆಳಗಿನ ನಾಲ್ಕು ದೊಡ್ಡ ಮರ ತೆಗೆಸಿದಳು. ಗಿಡಗಳು ಈಗ ಚೇತರಿಸಿಕೊಂಡಿವೆ.

"ಅದಕ್ಕ ಶ್ರಾವಣದಾಗ ಮೊದಲ ನಿಮಗ ಫೋನ್ ಮಾಡಿ ಕೇಳಿದ್ದು. ಏಳನೇ ಸಾಲು, ಅತ್ತಿ ಮರ ಅಂದ್ರಿ. ಮರ ಕಡಿಯೋರಿಗೆ ಅದೊಂದು ಮುಟ್ಟಬ್ಯಾಡ್ರಿ ಅಂತ ಹೇಳಿ, ನಾನ ಅದರ ಹಂತೇಲಿ ನಿಂತಿದ್ದೆ."

ಎಲ್ಲಿ ತಪ್ಪಿತು ಎಂದು ನನಗೆ ಆಗ ತಿಳಿಯಿತು. ಆ ತೋಟದಲ್ಲಿ ಕೂಲಿಯವರ ಮನೆಗಳು ಕೆಳಗೆ, ಹಳ್ಳದ ದಂಡೆಗೆ. ಮಾಲೀಕರ ಮನೆ ಮೇಲೆ, ರಸ್ತೆಗೆ. ನಾವು ಕೆಳಗಿನಿಂದ ಬಿಡಿಸುತ್ತಾ ಮೇಲಕ್ಕೆ ಹೋಗುತ್ತೇವೆ, ಆದ್ದರಿಂದ ಹಳ್ಳದ ಪಕ್ಕದ್ದೇ ನಮಗೆ ಒಂದನೇ ಸಾಲು. ಮನೆಯವರು ಮೇಲಿನಿಂದ ಇಳಿಯುತ್ತಾರೆ, ಅವರ ಎಣಿಕೆ ಮೇಲಿನಿಂದ. ಒಟ್ಟು ಇಪ್ಪತ್ತು ಸಾಲು. ನಮ್ಮ ಏಳು ಅವರಿಗೆ ಹದಿನಾಲ್ಕು. ಎರಡು ಏಳನೇ ಸಾಲಿನಲ್ಲೂ ಒಂದೊಂದು ಅತ್ತಿ ಮರ. ಸೋಮಶೇಖರಪ್ಪನವರಿಗೆ ಎರಡೂ ಬಾಯಿಪಾಠವಿತ್ತು. ಯಾರ ಎಣಿಕೆ ಎಂದು ಕೇಳಿಯೇ ಮುಂದಿನ ಮಾತಾಡುತ್ತಿದ್ದರು. ಮಗಳು ಎಡೆ ಇಡುವುದನ್ನು ಕಂಡವಳಲ್ಲ, ಅವಳಿಗೆ ಅದನ್ನು ಹೇಳಿಕೊಡುವ ಹೊತ್ತಿಗೆ ಹೊತ್ತು ಮುಗಿದಿತ್ತು. ಅವ್ವನಿಗೋ, ಏಳಕ್ಕೆ ಇನ್ನೊಂದು ಎಣಿಕೆಯೂ ಇದೆ ಎನ್ನುವುದು ಫೋನಿನಲ್ಲಿ ಹೊಳೆಯಲಿಲ್ಲ. ಅಪ್ಪ ಮಲಗಿದ್ದ ಮರ ಆ ನಾಲ್ಕರಲ್ಲಿ ಒಂದಾಗಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಈ ಹೆಣ್ಣುಮಗಳು ಉಳಿಸಬೇಕೆಂದು ಕೇಳಿ, ಕೇಳಿದ ಧೈರ್ಯದ ಮೇಲೆಯೇ ಕಡಿಸಿದ್ದಳು.

ನಾನು ಬಾಯಿ ತೆರೆದೆ. ಅವ್ವನ ಕೈ ನನ್ನ ತೊಡೆಯ ಮೇಲೆ ಬಂದು ಗಟ್ಟಿಯಾಗಿ ಒತ್ತಿತು.

"ಚಲೋ ಆಗೇತಿ ತಾಯಿ," ಎಂದಳು ಹೇಮಾವತಿಗೆ. "ಕಲ್ಲು ಭಾಳ ಚಲೋ ಆಗೇತಿ."

ನನಗೆ ಚಹಾ ಮಾಡು ಹೋಗು ಎಂದಳು. ಹೇಮಮ್ಮನಿಗೆ ಬೆಲ್ಲ ಬೇಡ, ಪಕ್ಕದ ಮನೆಯಿಂದ ಸಕ್ಕರೆ ತಾ ಎಂದಳು. ಹೋದೆ. ಹಿಂದಿರುಗಿ ಒಲೆಯ ಮುಂದೆ ಕೂತಾಗ ಹೊರಗೆ ಅವರಿಬ್ಬರ ತಗ್ಗಿದ ಮಾತು ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಚಹಾ ತರುವ ಹೊತ್ತಿಗೆ ಎಲೆ ಅಡಿಕೆ ತೆಂಗಿನಕಾಯಿ ಅವ್ವನ ಉಡಿಯಲ್ಲಿದ್ದವು. ಹೇಮಾವತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಹಾ ಕುಡಿದು, ಅವ್ವನ ಕಾಲು ಮುಟ್ಟಲು ಬಗ್ಗಿದಳು. ನೀವು ದೊಡ್ಡವರು, ಹಂಗ ಮಾಡಬಾರದು ಎಂದು ಅವ್ವ ಕಾಲು ಹಿಂದಕ್ಕೆಳೆದುಕೊಂಡಳು.

ಕಾರು ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಹಣೆ ಹಣೆ ಬಡಿದುಕೊಂಡಳು. ನನ್ನ ಬಾಯಿಂದ ಹೋತು, ನನ್ನ ಬಾಯಿಂದ ಹೋತು ಎಂದು ಅತ್ತಳು. ಅಪ್ಪ ಸತ್ತಾಗ ಹಾಗೆ ಅತ್ತದ್ದು ನೋಡಿದ್ದೆ, ಆಮೇಲೆ ಇದೇ. ನಾನು ಅವಳನ್ನು ತಬ್ಬಿಕೊಳ್ಳಬೇಕಿತ್ತು. ಅದನ್ನು ಬಿಟ್ಟು ಬೈಯುವುದಕ್ಕೆ ನಿಂತೆ. ಮರ ಕಡಿಸಿದವಳ ಮುಂದೆ ಚಲೋ ಆಗೇತಿ ಎನ್ನಲು ನಿನಗೆ ಬಾಯಾದರೂ ಹೇಗೆ ಬಂತು, ಅವಳಿಗೆ ಗೊತ್ತಾಗಬೇಕು, ಈಗಲೇ ಫೋನು ಮಾಡುತ್ತೇನೆ ಎಂದೆ. ದೊಡ್ಡವರ ತಪ್ಪನ್ನು ಯಾವಾಗಲೂ ನಾವೇ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಬೇಕೇನು ಎಂದೂ ಕೇಳಿದೆ. ಅಪ್ಪ ಹೋದಂದಿನಿಂದ ಕಟ್ಟಿಕೊಂಡ ಇಪ್ಪತ್ತೊಂಬತ್ತು ವರ್ಷದ ಸಿಟ್ಟು ಒಟ್ಟಿಗೆ ಬಂದಿತ್ತು.

ಅವ್ವ ಅಳು ನಿಲ್ಲಿಸಿ ಮೂಗೊರೆಸಿಕೊಂಡಳು.

"ಫೋನ್ ಮಾಡು. ಆಕಿ ಏನು ಮಾಡ್ತಾಳ ಹೇಳಲಾ? ಅಪ್ಪ ಕೊಟ್ಟ ಮಾತು ಮುರದೆ ಅಂತ ಕುಸದು ಕೂಡ್ತಾಳ. ತಮ್ಮ ಕೇಳಿದಲ್ಲಿ ಸಹಿ ಹಾಕ್ತಾಳ. ಆಮ್ಯಾಲ ಬುಲ್ಡೋಜರ್ ಬರ್ತಾವು. ಮರ ಹೋಗೇತಿ, ಮಣ್ಣು ಇನ್ನಾ ಐತಿ ಜ್ಯೋತಿ. ನಿಮ್ಮಪ್ಪ ಮಣ್ಣಾಗ ಅದಾನ. ಆ ಮಣ್ಣು ಕಾಯಾಕ ಈಗ ಆಕಿ ಒಬ್ಬಾಕೇ ಇರಾದು."

ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ. ಅವ್ವ ಹೇಳಿದ್ದು ಸರಿ ಎಂದು ಒಪ್ಪಲೂ ಇಲ್ಲ. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಆದವಾನಿಯಿಂದ ಮೊಣಕಾಲಿಗೆ ಕಟ್ಟುವ ಪಟ್ಟಿ, ಎರಡು ಸ್ವೆಟರ್ ತಂದುಕೊಟ್ಟೆ. ಅವ್ವ ಸ್ವೆಟರ್ ಹಾಕಿಕೊಂಡು ಕಸ ಗುಡಿಸಿದಳು.

ತಂಡ ಹೊರಡುವ ದಿನ ಬೆಳಿಗ್ಗೆ ಕೋಸಗಿ ಸ್ಟೇಷನ್ನಿಗೆ ಬಿಡಲು ಹೋದೆ. ಹದಿನಾಲ್ಕು ಜನರ ಗಂಟು, ಪಾತ್ರೆ, ಕಂಬಳಿ ಪ್ಲಾಟ್‌ಫಾರ್ಮಿನ ಮೇಲೆ. ದಸ್ತಗಿರಮ್ಮ ಎಲ್ಲರನ್ನೂ ತೆಲುಗಿನಲ್ಲಿ ಗದರಿಸುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದಳು. ಸಮಾಧಿಯ ವಿಷಯ ಅವರಿಗೆಲ್ಲ ಅವ್ವ ಮೊದಲೇ ಹೇಳಿಬಿಟ್ಟಿದ್ದಳು. ಅಲ್ಲಿ ಹೋದ ಮೇಲೆ ಕಣ್ಣಾರೆ ಕಂಡವರು ಬಾಯಿ ಬಿಡಬಾರದು, ಇನ್ನು ಮೇಲೆ ಆಂಜಿನಪ್ಪನ ಜಾಗ ಅದೇ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಎಲ್ಲರೂ ಒಪ್ಪಿದ್ದರು. ಅವ್ವ ಕಲ್ಲು ಬೆಂಚಿನ ಮೇಲೆ ರೊಟ್ಟಿಯ ಗಂಟು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಎಡೆ ಎಲ್ಲಿ ಇಡುತ್ತೀ ಎಂದು ಕೇಳಿದೆ. ಬೇಕೆಂದೇ ಚುಚ್ಚಿದ್ದು.

ಎಲ್ಲರ ಕಣ್ಣ ಮುಂದೆ ಕಲ್ಲಿನ ಕಟ್ಟೆಗೆ ಇಡುತ್ತೇನೆ, ಹೇಮಮ್ಮ ನೋಡಬೇಕು ಎಂದಳು. ಆಮೇಲೆ ಕೆಳಗೆ ಕುರ್ಚಿ ಹಾಕಿಸುವಾಗ ನಮ್ಮ ಏಳನೇ ಸಾಲಿನಲ್ಲಿ ಹಾಕಿಸಿಕೊಳ್ಳುತ್ತೇನೆ, ಅಲ್ಲೇ ಕೂತು ಬುಟ್ಟಿ ನೋಡುತ್ತೇನೆ, ಅಲ್ಲೇ ಕೂತು ಉಣ್ಣುತ್ತೇನೆ ಎಂದಳು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ರೈಲು ಬರುವ ಸೂಚನೆ ಆಯಿತು. ಜನ ಗಂಟುಗಳನ್ನು ಎತ್ತಿಕೊಂಡರು. ಅವ್ವ ಏಳಲಿಲ್ಲ.

"ಅವತ್ತು ವೀಳ್ಯ ತಗೊಳ್ಳೂಕ ಮೊದಲ ಹೇಮಮ್ಮನ್ನ ಒಂದು ಕೇಳೀನಿ," ಎಂದಳು. "ನಾ ಹೋದ ಮ್ಯಾಲ ನನ್ನ ಗಂಡನ ಬಾಜೂಕ ಜಾಗ ಕೊಡ್ತೀರೇನು ಅಂದೆ. ಕೊಡ್ತೀನಿ ಅಂತ ಮಾತು ಕೊಟ್ಟಾಳ. ನೀನು ನನ್ನ ಅಲ್ಲಿಗೆ ಒಯ್ಯಬೇಕು."

"ಅಲ್ಲಿ ಅಪ್ಪ ಇಲ್ಲಲ್ಲವ್ವ," ಎಂದೆ.

"ಇಲ್ಲ. ಅದಕ್ಕ ಹೇಳೋದು, ಬಾಜೂಕ ಅಲ್ಲ. ಕಲ್ಲು ನಾಕು ಸರಿಸಿ ಅದರ ಕೆಳಗ ಇಡು. ಖಾಲಿ ಐತಲ್ಲ. ಆ ಹುಡುಗಿ ಅಷ್ಟು ಮನಸಿಟ್ಟು ಕಟ್ಟಿಸ್ಯಾಳ. ನಾಳೆ ಆಕಿ ಮಕ್ಕಳು ಹೂವು ಇಡ್ತಾರ. ಸುಳ್ಳಿಗೆ ಇಟ್ಟಂಗ ಆಗಬಾರದು."

ದೂರದಲ್ಲಿ ಎಂಜಿನ್ನಿನ ತಲೆ ಕಾಣಿಸಿತು. ಅವ್ವ ನನ್ನ ಹೆಗಲು ಹಿಡಿದು ಎದ್ದಳು.

"ಹೆಸರು ನಿಮ್ಮಪ್ಪಂದ ಇರಲಿ, ತಗಿಬ್ಯಾಡ. ನನಗೂ ನಿಮ್ಮಪ್ಪಗೂ ನಡುವ ಆರು ಸಾಲು, ದೂರ ಏನಲ್ಲ."

ನಾನು ಅವಳ ಗಂಟನ್ನು ಒಳಗೆ ಇಟ್ಟು, ತೋಳು ಹಿಡಿದು ಹತ್ತಿಸಿದೆ. ಕಿಟಕಿಯ ಹತ್ತಿರ ಕೂತು, ಹೂಂ ಅನ್ನಲಿಲ್ಲ ನೀನು ಎಂದಳು. ಆ ತೋಟಕ್ಕೆ ಮತ್ತೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದ್ದವಳು ನಾನು. ರೈಲು ಅಲುಗಿದ ಮೇಲೆ, ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದು, ಹೂಂ ಅಂದೆ.